ಹೈಸ್ಕೂಲು ಮಕ್ಕಳಿಗೆ ನೌಕಾದಳದ ಎನ್‌ಸಿಸಿ: ಸೇರುವ ಮುಂಚೆ, ಸೇರಿದ ಮೇಲೆ

ಜೂನ್ ತಿಂಗಳು ಬಂತೆಂದರೆ ಎಂಟನೆಯ ತರಗತಿಯ ಪೋಷಕರು ನನ್ನ ಮೇಜಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಮೈಸೂರಿನಲ್ಲಿ ಸಮುದ್ರ ಎಲ್ಲಿದೆ ಮೇಡಂ?" ಎರಡನೆಯದು, "ಇದರಿಂದ ಎಷ್ಟು ಅಂಕ ಬರುತ್ತದೆ?" ಮೊದಲನೆಯದಕ್ಕೆ ನಗುತ್ತಲೇ ಉತ್ತರ ಹೇಳುತ್ತೇನೆ. ಎರಡನೆಯದನ್ನು ಕೇಳಿದವರಿಗೆ ಅರ್ಜಿ ಕೊಡುವ ಮುಂಚೆ ಕುರ್ಚಿ ತೋರಿಸಿ ಕೂರಿಸುತ್ತೇನೆ, ಏಕೆಂದರೆ ಅವರೊಂದಿಗೆ ಮಾತು ಸ್ವಲ್ಪ ಉದ್ದವಾಗುತ್ತದೆ.

ನಾನು ವಿಜ್ಞಾನದ ಶಿಕ್ಷಕಿ. ಶಾಲೆಯ ನೌಕಾದಳದ ಎನ್‌ಸಿಸಿ ತುಕಡಿಯೂ ನನ್ನ ಸುಪರ್ದಿನಲ್ಲಿದೆ. ಪಾಠದ ಜೊತೆಗೆ ಈ ಕೆಲಸ ಹೊತ್ತ ಶಿಕ್ಷಕರನ್ನು ಎಎನ್‌ಒ ಎನ್ನುತ್ತಾರೆ. ಮಹಿಳೆಯರಾದರೆ ಗ್ವಾಲಿಯರ್‌ಗೆ ಹೋಗಿ ತರಬೇತಿ ಪಡೆದು ಬರಬೇಕು. ನನ್ನ ತವರು ಮಂಡ್ಯದ ಕಡೆಯ ಹಳ್ಳಿ. ನಾನು ಚಿಕ್ಕಂದಿನಲ್ಲಿ ಕಂಡ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯದು, ಅಷ್ಟೇ. ಆದ್ದರಿಂದ ಸಮುದ್ರ ಕಾಣದ ಮಕ್ಕಳನ್ನು ನೌಕಾದಳಕ್ಕೆ ಹೇಗೆ ಸೇರಿಸುವುದು ಎಂಬ ನಿಮ್ಮ ಅಳುಕು ನನಗೆ ಹೊಸದಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ನೌಕಾ ಕೆಡೆಟ್ ಎರಡು ವರ್ಷದಲ್ಲಿ ಬಹುಪಾಲು ಸಮಯ ಕಳೆಯುವುದು ನೀರಿನ ಮೇಲಲ್ಲ, ಶಾಲೆಯ ಮೈದಾನದ ಕೆಂಪು ಮಣ್ಣಿನ ಮೇಲೆ. ಕೈಯಲ್ಲಿ ಹಗ್ಗ, ಬಾವುಟ, ಮರಳುಕಾಗದ, ಇಸ್ತ್ರಿಪೆಟ್ಟಿಗೆ. ಇಂಥ ಸಣ್ಣ ಕೈಕೆಲಸ ಇಷ್ಟಪಡುವ ಮಗು ಉಳಿಯುತ್ತದೆ. ಬಿಳಿ ಸಮವಸ್ತ್ರದಲ್ಲಿ ಫೋಟೊ ತೆಗೆಸಿಕೊಳ್ಳಲು ಮಾತ್ರ ಬಂದ ಮಗು ದಸರೆ ರಜೆ ಮುಗಿಯುವಷ್ಟರಲ್ಲಿ ಪರೇಡಿನ ದಿನವೇ ಹೊಟ್ಟೆನೋವು ಎನ್ನತೊಡಗುತ್ತದೆ.

ಸೇರುವುದು

ಎನ್‌ಸಿಸಿ 1948ರ ಕಾಯ್ದೆಯಿಂದ ಹುಟ್ಟಿದ್ದು. ಅದರ ನೌಕಾ ವಿಭಾಗ ಶುರುವಾದದ್ದು 1952ರಲ್ಲಿ. ಶಾಲಾ ಮಕ್ಕಳದು ಜೂನಿಯರ್ ವಿಭಾಗ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಉಂಟು. ಎರಡು ವರ್ಷದ ತರಬೇತಿ, ಕೊನೆಯಲ್ಲಿ 'ಎ' ಪ್ರಮಾಣಪತ್ರದ ಪರೀಕ್ಷೆ. ನಮ್ಮಲ್ಲಿ ಎಂಟನೆಯ ತರಗತಿಯಲ್ಲಿ ಸೇರಿ ಒಂಬತ್ತನೆಯದರಲ್ಲಿ ಪರೀಕ್ಷೆ ಬರೆಯುವುದು ರೂಢಿ. ಹಾಗಾಗಿ ಎಸ್ಎಸ್ಎಲ್‌ಸಿ ವರ್ಷಕ್ಕೆ ಇದರ ಹೊರೆ ಬೀಳುವುದಿಲ್ಲ. ಒಂಬತ್ತನೆಯ ತರಗತಿಗೆ ಬಂದ ಮೇಲೆ "ಈಗ ಸೇರಿಸಿಕೊಳ್ಳಿ" ಎಂದು ಬರುವವರಿಗೆ ನಾನು ಇಲ್ಲವೆನ್ನಲೇಬೇಕಾಗುತ್ತದೆ.

ನೇರವಾಗಿ ಎನ್‌ಸಿಸಿ ಕಚೇರಿಗೆ ಹೋಗಿ ಮಗುವನ್ನು ಸೇರಿಸಲು ಬರುವುದಿಲ್ಲ. ಶಾಲೆಯಲ್ಲಿ ತುಕಡಿ ಇರಬೇಕು, ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಮೈಸೂರಿನಲ್ಲಿ ಭೂದಳದ ತುಕಡಿ ಇರುವ ಶಾಲೆಗಳೇ ಹೆಚ್ಚು, ನೌಕಾದಳದವು ಕಡಿಮೆ. ಆದ್ದರಿಂದ ಏಳನೆಯ ತರಗತಿ ಮುಗಿದು ಶಾಲೆ ಬದಲಿಸುವ ಆಲೋಚನೆ ಇದ್ದರೆ, ಹೊಸ ಶಾಲೆಯವರನ್ನು "ಎನ್‌ಸಿಸಿ ಇದೆಯೇ?" ಎಂದಷ್ಟೇ ಕೇಳಿ ಬರಬೇಡಿ. "ಯಾವ ದಳದ್ದು? ಹೆಣ್ಣುಮಕ್ಕಳಿಗೂ ಇದೆಯೇ?" ಎಂದು ಕೇಳಿ. ನಿಮ್ಮ ಶಾಲೆಯಲ್ಲಿ ಭೂದಳದ ತುಕಡಿ ಮಾತ್ರ ಇದ್ದರೆ ಅದಕ್ಕೇ ಸೇರಿಸಿ. ಕಾಲೇಜಿಗೆ ಹೋದಾಗ ನೌಕಾದಳದ ಸೀನಿಯರ್ ವಿಭಾಗ ಹುಡುಕಿಕೊಳ್ಳಬಹುದು.

ಆಯ್ಕೆಯ ದಿನ ಓಟ ಇರುತ್ತದೆ, ಎತ್ತರ ತೂಕ ನೋಡುತ್ತಾರೆ, ನಾಲ್ಕು ಮಾತು ಕೇಳುತ್ತಾರೆ. ಅದಕ್ಕೆ ಕೋಚಿಂಗ್ ಬೇಕಿಲ್ಲ. ಬೇಸಿಗೆ ರಜೆಯಲ್ಲಿ ಮಗು ಬೆಳಗ್ಗೆ ಎದ್ದು ಓಡಿದ್ದರೆ ಸಾಕು. ಕಾಗದಪತ್ರದ ವಿಷಯಕ್ಕೆ ಬಂದರೆ ಆಧಾರ್, ವೈದ್ಯರ ಪ್ರಮಾಣಪತ್ರ, ರಕ್ತದ ಗುಂಪು, ಪೋಷಕರ ಒಪ್ಪಿಗೆ ಪತ್ರ, ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು. ಸಮವಸ್ತ್ರದ ಭತ್ಯೆ ಈಗ ನೇರ ಆ ಖಾತೆಗೇ ಬರುವುದರಿಂದ ಅಪ್ಪನ ಖಾತೆ ನಡೆಯುವುದಿಲ್ಲ. ಬ್ಯಾಂಕಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಶಾಲೆ ಶುರುವಾದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ.

ತಾಯಂದಿರು ದನಿ ತಗ್ಗಿಸಿ ಕೇಳುವ ಇನ್ನೊಂದು ಪ್ರಶ್ನೆ ಇದೆ: "ಯುದ್ಧವಾದರೆ ಕರೆದುಕೊಂಡು ಹೋಗುತ್ತಾರೆಯೇ?" ಇಲ್ಲ. ಕೆಡೆಟ್ ಆದವರು ಸೇನೆಗೆ ಸೇರಲೇಬೇಕೆಂಬ ಕಟ್ಟುಪಾಡು ಕಾಯ್ದೆಯಲ್ಲಿಯೇ ಇಲ್ಲ.

ಕಣ್ಣಿನ ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿಸಿ, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಸೇರಿಸಿ. ಹಡಗಿನ ಎಡಭಾಗಕ್ಕೆ ಕೆಂಪು ದೀಪ, ಬಲಭಾಗಕ್ಕೆ ಹಸಿರು ದೀಪ. ರಾತ್ರಿ ಎದುರಿನ ಹಡಗು ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯುವುದೇ ಅದರಿಂದ. ಕೆಂಪು ಹಸಿರು ಬೇರ್ಪಡಿಸಲಾಗದ ಮಗು ಎನ್‌ಸಿಸಿಯಲ್ಲಿ ಸಂತೋಷವಾಗಿ ಇರಬಹುದು. ಆದರೆ ಮುಂದೆ ನೌಕಾದಳದ ಅಧಿಕಾರಿಯಾಗುವ ಆಸೆಯನ್ನು ಐದು ವರ್ಷ ಸಾಕಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಇದು ತಿಳಿಯುವುದಕ್ಕಿಂತ ಹದಿಮೂರರಲ್ಲಿ ತಿಳಿಯುವುದು ಒಳ್ಳೆಯದು.

ಬಿಳಿ ಬಟ್ಟೆಯ ಸಂಸಾರ

ಭೂದಳದ ಮಕ್ಕಳ ಖಾಕಿ ಎಷ್ಟೋ ಕೊಳೆಯನ್ನು ಮುಚ್ಚಿಡುತ್ತದೆ. ನಮ್ಮ ಬಿಳಿ ಏನನ್ನೂ ಮುಚ್ಚುವುದಿಲ್ಲ. ಶನಿವಾರ ಪರೇಡು, ಶುಕ್ರವಾರ ರಾತ್ರಿ ಬಟ್ಟೆ ಸಿದ್ಧವಾಗಿರಬೇಕು. ಸಿದ್ಧ ಮಾಡಬೇಕಾದವರು ಮಗುವೇ ಹೊರತು ನೀವಲ್ಲ. ತಾಯಿ ಇಸ್ತ್ರಿ ಮಾಡಿದ ಅಂಗಿ ನನಗೆ ದೂರದಿಂದಲೇ ಗೊತ್ತಾಗುತ್ತದೆ, ಅದು ತೀರಾ ಚೆನ್ನಾಗಿರುತ್ತದೆ.

ಬಿಳಿಯನ್ನು ಬೇರೆ ಬಟ್ಟೆಯೊಂದಿಗೆ ನೆನೆಸಬಾರದು. ಕಾಲರ್ ಮತ್ತು ತೋಳಿನ ಅಂಚಿಗೆ ಸೋಪು ಹಚ್ಚಿ ಕೈಯಿಂದಲೇ ಉಜ್ಜಬೇಕು, ಬ್ರಷ್ ಹಾಕಿದರೆ ನೂಲು ಏಳುತ್ತದೆ. ನೀಲಿಯನ್ನು ಮೊದಲು ನೀರಿಗೆ ಬೆರೆಸಿ ಆಮೇಲೆ ಬಟ್ಟೆ ಅದ್ದಬೇಕು. ನೇರ ಬಟ್ಟೆಯ ಮೇಲೆ ಸುರಿದರೆ ಬೀಳುವ ಮಚ್ಚೆ ಮುಂದಿನ ಮೂರು ಪರೇಡಿನವರೆಗೂ ಹೋಗುವುದಿಲ್ಲ. ಸಾರಿನ ಕಲೆಯ ಮೇಲೆ ಸೋಪು ಬಿದ್ದ ಕೂಡಲೇ ಅದು ಕೆಂಪಾಗುತ್ತದೆ, ಮಕ್ಕಳು ಗಾಬರಿಯಾಗಿ ಇನ್ನಷ್ಟು ಉಜ್ಜುತ್ತಾರೆ. ಅದು ಸಾರಿನಲ್ಲಿರುವ ಅರಿಶಿನ. ಸೋಪು ಕ್ಷಾರ, ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ, ನಾನೇ ತರಗತಿಯಲ್ಲಿ ಮಾಡಿ ತೋರಿಸುವ ಪ್ರಯೋಗ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಬಣ್ಣ ಬೆಳಕಿಗೇ ಮಾಸುತ್ತದೆ. ಒಂದು ಬಿಸಿಲಿಗೆ ಹೋಗದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಜಿಡ್ಡಿನ ಅಂಶ ಉಳಿದರೆ ಅದಕ್ಕೆ ಬಿಸಿನೀರು. ಇನ್ನು ಕಲೆ ಮುಚ್ಚಲು ಸೀಮೆಸುಣ್ಣ ಬಳಿದುಕೊಂಡು ಬರುವ ಜಾಣರಿದ್ದಾರೆ. ಬೆವರು ಬಂದ ಮೇಲೆ ಅದರ ಗತಿ ಏನಾಗುತ್ತದೆಂದು ಅವರಿಗೆ ಅಲ್ಲೇ ತಿಳಿಯುತ್ತದೆ.

ಹೆಣ್ಣುಮಕ್ಕಳು ಕೂದಲನ್ನು ಬಲೆ ಹಾಕಿ ಕುತ್ತಿಗೆಯ ಮೇಲ್ಭಾಗಕ್ಕೆ ಗಂಟು ಕಟ್ಟಬೇಕು, ಕಪ್ಪು ಪಿನ್ನು ಮಾತ್ರ. ಮಲ್ಲಿಗೆ ಮುಡಿದು ಬಂದರೆ ತೆಗೆಸುತ್ತೇನೆ. ಮೈಸೂರು ಮಲ್ಲಿಗೆಯಾದರೂ ಸರಿಯೇ.

ಮೈದಾನದ ಮೇಲೆ

ಕವಾಯತಿನ ಆದೇಶಗಳು ಹಿಂದಿಯಲ್ಲಿರುತ್ತವೆ: ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ತೇಜ್ ಚಲ್, ಥಮ್. ಕನ್ನಡ ಮಾಧ್ಯಮದ ಮಕ್ಕಳು ಮೊದಲ ತಿಂಗಳು ಪಕ್ಕದವನನ್ನು ನೋಡಿಯೇ ತಿರುಗುತ್ತಾರೆ, ಹಾಗಾಗಿ ಸಾಲಿನಲ್ಲಿ ಒಬ್ಬ ತಪ್ಪಾಗಿ ತಿರುಗಿದರೆ ಹತ್ತು ಜನ ತಪ್ಪುತ್ತಾರೆ. ಮನೆಯಲ್ಲಿ ಅಣ್ಣನೋ ಅಕ್ಕನೋ ಆದೇಶ ಕೂಗಿ, ಮಗು ಕಣ್ಣು ಮುಚ್ಚಿಕೊಂಡು ತಿರುಗುವ ಅಭ್ಯಾಸ ಮಾಡಿದರೆ ಎರಡೇ ವಾರದಲ್ಲಿ ಸರಿಹೋಗುತ್ತದೆ.

ಸಾವಧಾನದಲ್ಲಿ ಹಿಮ್ಮಡಿ ಕೂಡಿ, ಪಾದಗಳ ನಡುವೆ 30 ಡಿಗ್ರಿ ಕೋನ. ಮಂಡಿಯನ್ನು ಬಿಗಿದು ಹಿಂದಕ್ಕೆ ತಳ್ಳಿ ನಿಲ್ಲುವವರೇ ತಲೆಸುತ್ತಿ ಬೀಳುವವರು. ಬೂಟಿನೊಳಗೆ ಕಾಲ್ಬೆರಳನ್ನು ಆಗಾಗ ಮಡಿಸಿ ಬಿಡಿಸುತ್ತಿದ್ದರೆ ಕಾಲಿನ ರಕ್ತ ಮೇಲಕ್ಕೆ ಹರಿಯುತ್ತಿರುತ್ತದೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮತ್ತೆ, ದಯವಿಟ್ಟು ತಿಂಡಿ ತಿನ್ನಿಸಿ ಕಳುಹಿಸಿ. ಪರೇಡಿನ ನಂತರ ಉಪಾಹಾರ ಕೊಡುತ್ತೇವೆ, ನಿಜ. ಅದು ನಂತರ.

ಇನ್ನು ಹಗ್ಗ. ನನ್ನ ಲೆಕ್ಕದಲ್ಲಿ ನೌಕಾ ತರಬೇತಿಯ ಜೀವ ಇರುವುದೇ ಇಲ್ಲಿ. ಸಂತೆಪೇಟೆಯಲ್ಲಿ ಬೆರಳು ದಪ್ಪದ ಹತ್ತಿಯ ಹಗ್ಗ ಎರಡು ಮಾರು ತೆಗೆದುಕೊಳ್ಳಿ. ನೈಲಾನ್ ಬೇಡ, ಅದು ಜಾರುತ್ತದೆ, ಕಲಿಯುವ ಕೈಗೆ ಗಂಟು ನಿಲ್ಲುವುದಿಲ್ಲ. ಕಲಿಯಬೇಕಾದ ಗಂಟುಗಳು ಹಲವಿವೆ: ರೀಫ್, ಕ್ಲೋವ್ ಹಿಚ್, ಶೀಟ್ ಬೆಂಡ್, ಫಿಗರ್ ಆಫ್ ಏಟ್. ಬೋಲೈನ್ ಒಂದನ್ನು ಬಿಡಿಸಿ ಹೇಳುತ್ತೇನೆ, ಪರೀಕ್ಷೆಯಲ್ಲಿ ಹೆಚ್ಚು ಮಕ್ಕಳು ಎಡವುವುದು ಅದರಲ್ಲೇ.

ಹಗ್ಗದ ಒಂದು ಕೊನೆಯನ್ನು ಕಿಟಕಿಯ ಸರಳಿಗೆ ಕಟ್ಟಿ ಅದಕ್ಕೆ ಎದುರಾಗಿ ನಿಲ್ಲಿ. ಬಿಡಿ ತುದಿ ನಿಮ್ಮ ಕೈಯಲ್ಲಿರಲಿ. ತುದಿಯಿಂದ ಎರಡು ಮೊಳ ಬಿಟ್ಟು ಹಗ್ಗದಲ್ಲಿ ಒಂದು ಪುಟ್ಟ ಸುರುಳಿ ಮಾಡಿ. ಬಿಡಿ ತುದಿಯ ಕಡೆಯ ಎಳೆ ಮೇಲೆ, ಕಿಟಕಿಯ ಕಡೆಯ ಎಳೆ ಕೆಳಗೆ ಇರಬೇಕು. ಇಲ್ಲಿ ಅದಲುಬದಲಾದರೆ ಮುಂದೆ ಏನು ಮಾಡಿದರೂ ಗಂಟು ಬೀಳುವುದಿಲ್ಲ. ಈಗ ತುದಿಯನ್ನು ಸುರುಳಿಯ ಕೆಳಗಿನಿಂದ ಮೇಲಕ್ಕೆ ತನ್ನಿ, ಕಿಟಕಿಯ ಕಡೆಗೆ ಹೋಗಿರುವ ಹಗ್ಗದ ಬೆನ್ನ ಹಿಂದಿನಿಂದ ಒಂದು ಸುತ್ತು ಬಳಸಿ, ಬಂದ ಸುರುಳಿಯೊಳಗೇ ಮತ್ತೆ ಇಳಿಸಿ. ತುದಿಯನ್ನೂ ಅದರ ಪಕ್ಕದ ಎಳೆಯನ್ನೂ ಜೋಡಿಸಿ ಹಿಡಿದು, ಇನ್ನೊಂದು ಕೈಯಿಂದ ಕಿಟಕಿಯ ಕಡೆಯ ಹಗ್ಗವನ್ನು ಎಳೆಯಿರಿ. ನಿಮ್ಮ ಕಡೆ ಒಂದು ದೊಡ್ಡ ಕುಣಿಕೆ ಉಳಿಯುತ್ತದೆ. ಎಷ್ಟು ಜಗ್ಗಿದರೂ ಅದು ಕಿರಿದಾಗುವುದಿಲ್ಲ, ಆದರೂ ಬಿಚ್ಚಬೇಕೆಂದಾಗ ಸುಲಭವಾಗಿ ಬಿಚ್ಚುತ್ತದೆ. ನೀರಿಗೆ ಬಿದ್ದವರ ಎದೆಗೆ ಸುತ್ತಿ ಮೇಲೆತ್ತಲು ಇದನ್ನು ಬಳಸುವುದು ಇದಕ್ಕಾಗಿಯೇ. ಜೀರುಗುಣಿಕೆಯಾದರೆ ಎತ್ತುವಾಗ ಬಿಗಿದುಕೊಳ್ಳುತ್ತದೆ.

ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಇದನ್ನು ಒಂದೇ ಸಲ ಹೇಳಿದರೆ ಸಾಕು. ದನದ ಕೊರಳಿಗೆ ಬಿಗಿಯುವ ಕುಣಿಕೆ ಹಾಕಬಾರದೆಂದು ಅವರ ಮನೆಯಲ್ಲಿ ಮೊದಲೇ ಬೈಸಿಕೊಂಡಿರುತ್ತಾರೆ. ನಗರದ ಮಕ್ಕಳು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ, ವಿಡಿಯೊ ಇಲ್ಲದಿದ್ದಾಗ ಮರೆಯುತ್ತಾರೆ. ಕಣ್ಣು ಮುಚ್ಚಿ ಕಟ್ಟಲು ಬರುವವರೆಗೆ ಬಂದಿದೆ ಎಂದು ನಾನು ಒಪ್ಪುವುದಿಲ್ಲ.

ಬಾವುಟದ ಸಂಜ್ಞೆ, ಅಂದರೆ ಸೆಮಾಫೋರ್, ಮಕ್ಕಳಿಗೆ ಆಟ. ಎರಡು ಕೈಯಲ್ಲಿ ಎರಡು ಬಾವುಟ, ತೋಳಿನ ಕೋನವೇ ಅಕ್ಷರ. ಸಮುದ್ರದಲ್ಲಿ ಬಳಸುವ ಬಾವುಟ ಕರ್ಣದ ಮೇಲೆ ಅರ್ಧ ಕೆಂಪು, ಅರ್ಧ ಹಳದಿ. ಈ ಎರಡು ಬಣ್ಣದ ಬಟ್ಟೆ ನಮ್ಮ ಊರುಗಳಲ್ಲಿ ನವೆಂಬರ್ ಬಂದರೆ ಯಾವ ಅಂಗಡಿಯಲ್ಲಿ ಸಿಗುವುದಿಲ್ಲ ಹೇಳಿ? ಸಿದ್ಧ ಕನ್ನಡ ಬಾವುಟವನ್ನು ಕತ್ತರಿಸಬೇಡಿ, ಬಟ್ಟೆಯನ್ನೇ ಮೀಟರ್ ಲೆಕ್ಕದಲ್ಲಿ ಕೊಳ್ಳಿ. ಒಂದೂವರೆ ಅಡಿ ಚೌಕಕ್ಕೆ ಹೊಲಿಸಿ, ಟೊಮೆಟೊ ಗಿಡಕ್ಕೆ ಊರುವಂಥ ಕಡ್ಡಿಗೆ ಸಿಕ್ಕಿಸಿದರೆ ಆಯಿತು. ಮೊದಲ ಏಳು ಅಕ್ಷರಕ್ಕೆ ಒಂದೇ ತೋಳು ಸಾಕು. ಬಲತೋಳು ಓರೆಯಾಗಿ ಕೆಳಗಿದ್ದರೆ ಎ, ನೆಲಕ್ಕೆ ಸಮವಾಗಿ ಚಾಚಿದರೆ ಬಿ, ಓರೆಯಾಗಿ ಮೇಲಿದ್ದರೆ ಸಿ, ನೆಟ್ಟಗೆ ಮೇಲೆತ್ತಿದರೆ ಡಿ. ಆಮೇಲೆ ಎಡತೋಳು ಮೇಲಿನಿಂದ ಇಳಿಯುತ್ತಾ ಬಂದು ಇ, ಎಫ್, ಜಿ. ಓದುವವರಿಗೆ ಎಡಬಲ ತಿರುಗುಮುರುಗಾಗಿ ಕಾಣುತ್ತದೆಂಬುದೇ ಇದರಲ್ಲಿರುವ ತೊಡಕು. ಆದ್ದರಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಬೇಡಿ. ಇಬ್ಬರು ಎದುರು ಬದುರು ಮಹಡಿಯ ಮೇಲೆ ನಿಂತು ಮಾಡಿ. ನಮ್ಮ ತುಕಡಿಯ ಇಬ್ಬರು ಹುಡುಗಿಯರು ಬೀದಿಯ ಆಚೆ ಈಚೆಯ ತಾರಸಿಯಿಂದ ಹೀಗೆಯೇ ಕಲಿತರು. ಮೊದಲ ಸಂದೇಶ ಗಣಿತದ ಮನೆಗೆಲಸದ ಉತ್ತರವಾಗಿತ್ತು ಎಂಬುದು ನನಗೆ ಗೊತ್ತಿದೆ, ಗಣಿತದ ಮೇಷ್ಟ್ರಿಗೆ ಗೊತ್ತಿಲ್ಲ.

ಹಡಗಿನ ಮಾದರಿ ಮಾಡುವುದನ್ನೂ ಕಲಿಸುತ್ತಾರೆ. ಕೈಚಳಕ ಇರುವ ಮಕ್ಕಳಿಗೆ ಐಎನ್ಎಸ್ ಮೈಸೂರು ಹಡಗಿನ ಚಿತ್ರ ಕೊಡುತ್ತೇನೆ. ಆ ಹೆಸರಿನ ಹಡಗು ಎರಡು ಇವೆ. ಮೊದಲನೆಯದು 1957ರಲ್ಲಿ ನಮ್ಮ ನೌಕಾದಳಕ್ಕೆ ಸೇರಿದ ಕ್ರೂಸರ್, 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಮುಖ್ಯ ಹಡಗಾಗಿದ್ದು 1985ರಲ್ಲಿ ನಿವೃತ್ತವಾಯಿತು. ಈಗಿನದು ಮುಂಬೈಯ ಮಜಗಾಂವ್ ಹಡಗುಕಟ್ಟೆಯಲ್ಲಿ ತಯಾರಾಗಿ 1999ರಲ್ಲಿ ಸೇರಿದ ಡಿಸ್ಟ್ರಾಯರ್. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ. "ಸಮುದ್ರ ಎಲ್ಲಿದೆ" ಎಂದು ಕೇಳಿದವರಿಗೆ ನಾನು ಇದನ್ನೇ ತೋರಿಸುವುದು.

ನೀರು

ಈಜು ಬಾರದಿದ್ದರೂ ಸೇರಬಹುದು. ದೋಣಿ ಹತ್ತುವವರಿಗೆಲ್ಲ ಲೈಫ್ ಜಾಕೆಟ್ ಕಡ್ಡಾಯ, ಈಜು ಬರುವವರಿಗೂ. ಆದರೆ ಮೊದಲ ಬೇಸಿಗೆಯಲ್ಲೇ ಈಜು ಕಲಿಸಿಬಿಡಿ, ತರಬೇತುದಾರರಿರುವ ಕೊಳದಲ್ಲಿ. ಮೈಸೂರಿನವರಿಗೆ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ಮಂಡ್ಯದ ಕಡೆಯವರಿಗೆ ಕೈಮುಗಿದು ಹೇಳುತ್ತೇನೆ, ವಿಶ್ವೇಶ್ವರಯ್ಯ ನಾಲೆಯಲ್ಲಿ ಕಲಿಸಬೇಡಿ. ಕೆರೆಯಲ್ಲಿ ದಡ ಸಿಕ್ಕರೆ ಹತ್ತಿಬಿಡಬಹುದು. ನಾಲೆಯ ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಕೈಗೆ ಹಿಡಿತ ಸಿಗುವುದಿಲ್ಲ, ಹರಿವು ನಿಲ್ಲಲು ಬಿಡುವುದಿಲ್ಲ. ಚೆನ್ನಾಗಿ ಈಜುವವರೇ ಅಲ್ಲಿ ಸೋಲುತ್ತಾರೆ.

ದೋಣಿ ಎರಡು ಬಗೆ. ವೇಲರ್ ಎಂಬುದು 27 ಅಡಿ ಉದ್ದದ್ದು, ಐದು ಹುಟ್ಟು, ಐದು ಜನ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ, ಮುಂದೆ ನೋಡುವವನು ಚುಕ್ಕಾಣಿ ಹಿಡಿದ ಕಾಕ್ಸನ್ ಒಬ್ಬನೇ. ಹೊಸಬರು ತೋಳಿನಿಂದ ಎಳೆಯುತ್ತಾರೆ, ಹತ್ತೇ ನಿಮಿಷಕ್ಕೆ ಸುಸ್ತು. ಎಳೆಯಬೇಕಾದದ್ದು ಕಾಲೂರಿ, ಬೆನ್ನಿನ ಭಾರದಿಂದ. ಅಂಗೈಯಲ್ಲಿ ಬೊಬ್ಬೆ ಏಳುವುದು ಖಚಿತ. ಒಡೆಯಬೇಡಿ, ಕೊಬ್ಬರಿ ಎಣ್ಣೆ ಸವರಿ ಬಿಡಿ.

ಇನ್ನೊಂದು ಎಂಟರ್‌ಪ್ರೈಸ್ ಎಂಬ ಹಾಯಿದೋಣಿ, ಸುಮಾರು ನಾಲ್ಕು ಮೀಟರ್, ಇಬ್ಬರು ಕೂರುವಂಥದ್ದು. ಗಾಳಿ ಹಿಂದಿನಿಂದ ಬೀಸಿದರೆ ಮುಂದೆ ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಗಾಳಿ ಎದುರಿನಿಂದ ಬಂದಾಗಲೂ ಹೋಗುವುದು ಹೇಗೆ ಎಂಬಲ್ಲಿ ನನ್ನ ಶಿಕ್ಷಕಿಯ ಚಪಲ ಎದ್ದು ಕೂರುತ್ತದೆ. ನೇರ ಎದುರಿಗೆ ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಂತಾಗ ಗಾಳಿ ಹಾಯಿಯನ್ನು ಪಕ್ಕಕ್ಕೆ ನೂಕುತ್ತದೆ. ದೋಣಿಯ ಹೊಟ್ಟೆಯಿಂದ ನೀರಿಗೆ ಇಳಿಬಿಟ್ಟ ಹಲಗೆ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಎರಡು ಬೆರಳ ನಡುವೆ ಒತ್ತಿದ ಒದ್ದೆ ಹುಣಸೆಬೀಜದ ಹಾಗೆ ದೋಣಿ ಮುಂದಕ್ಕೆ ಚಿಮ್ಮುತ್ತದೆ. ಸ್ವಲ್ಪ ದೂರ ಹೋಗಿ ಇನ್ನೊಂದು ಕಡೆಗೆ ತಿರುಗಿಸಬೇಕು. ಹೀಗೆ ಅಂಕುಡೊಂಕಾಗಿ ಸಾಗಿ ಗಾಳಿ ಬರುವ ಕಡೆಗೇ ತಲುಪುತ್ತೇವೆ. ತಿರುಗಿಸುವಾಗ ಹಾಯಿಯ ಅಡ್ಡಮರ ಈಚೆಯಿಂದ ಆಚೆಗೆ ರಭಸದಿಂದ ಬರುತ್ತದೆ, ತಲೆ ತಗ್ಗಿಸಲೇಬೇಕು. ಆಷಾಢದ ಗಾಳಿಯಲ್ಲಿ ಕೆ.ಆರ್.ಎಸ್. ಹಿನ್ನೀರು ನೋಡಿದವರಿಗೆ ಗೊತ್ತು, ಅಲ್ಲಿ ಅಲೆಯೂ ಏಳುತ್ತದೆ. ಶಾಲಾ ಮಕ್ಕಳಿಗೆ ಇಂಥ ಅವಕಾಶ ಪದೇ ಪದೇ ಸಿಗುವುದಿಲ್ಲ. ಸಿಕ್ಕ ದಿನ ಮದುವೆಮನೆ ಇದೆ ಎಂದು ರಜೆ ಕೇಳಬೇಡಿ.

ಶಿಬಿರ

ವಾರ್ಷಿಕ ಶಿಬಿರ ಹತ್ತು ದಿನದ್ದು. 'ಎ' ಪರೀಕ್ಷೆಗೆ ಕೂರಲು ಒಂದು ಶಿಬಿರವೂ ನೂರಕ್ಕೆ 75ರಷ್ಟು ಪರೇಡ್ ಹಾಜರಿಯೂ ಬೇಕು. ಮೊದಲ ವರ್ಷದಲ್ಲೇ ಶಿಬಿರ ಮುಗಿಸಿಕೊಳ್ಳಿ. ಎರಡನೆಯ ವರ್ಷಕ್ಕೆ ಬಿಟ್ಟರೆ ಆಗ ಜ್ವರ ಬರುತ್ತದೆ, ಇಲ್ಲವೇ ಊರ ಹಬ್ಬ ಬರುತ್ತದೆ.

ಟ್ರಂಕಿಗೆ ಎರಡು ಬೀಗದಕೈ, ಒಂದು ಮಗುವಿನ ಹತ್ತಿರ, ಒಂದು ನನ್ನ ಹತ್ತಿರ. ತಟ್ಟೆ, ಲೋಟ, ಮಗ್ಗು, ಸೊಳ್ಳೆಪರದೆ, ಟಾರ್ಚ್, ಸೂಜಿದಾರ, ಬೂಟ್ ಪಾಲಿಷ್, ಹವಾಯಿ ಚಪ್ಪಲಿ, ಒಳಬಟ್ಟೆ ನೀವು ಅಂದುಕೊಂಡದ್ದಕ್ಕಿಂತ ಎರಡು ಜೊತೆ ಹೆಚ್ಚು. ಹೆಣ್ಣುಮಕ್ಕಳಿಗೆ ಪ್ಯಾಡ್, ದಿನ ಲೆಕ್ಕ ಹಾಕದೆ ಇಟ್ಟುಬಿಡಿ. ಪ್ರತಿ ವಸ್ತುವಿನ ಮೇಲೂ ಹೆಸರು. ಮೊಬೈಲ್, ಚಿನ್ನ ಬೇಡ. ಕೋಡುಬಳೆ, ರವೆಉಂಡೆಯೂ ಬೇಡ ಎಂದರೆ ತಾಯಂದಿರು ನನ್ನನ್ನು ಕಟುಕಿಯಂತೆ ನೋಡುತ್ತಾರೆ. ಎರಡನೆಯ ರಾತ್ರಿ ಆ ಟ್ರಂಕಿನಿಂದ ಇರುವೆಯ ಸಾಲು ಹೊರಟು ಎಂಟು ಮಕ್ಕಳ ಹಾಸಿಗೆ ದಾಟುವುದನ್ನು ಅವರು ನೋಡಿಲ್ಲ.

ಮೂರನೆಯ ದಿನ ಮಗು ಅಳುತ್ತದೆ. ನೋಡಲು ಬರುವ ಅವಕಾಶವಿದ್ದರೆ ಆ ದಿನ ಬಿಟ್ಟು ಐದನೆಯ ದಿನ ಬನ್ನಿ. ಅಷ್ಟರಲ್ಲಿ .22 ರೈಫಲ್ಲಿನಿಂದ ಗುರಿ ಹೊಡೆಯುವ ಸರದಿ ಬಂದಿರುತ್ತದೆ, ಮಾತನಾಡಲು ನಿಮ್ಮ ಬಳಿ ಬರುವ ಪುರುಸೊತ್ತೇ ಇರುವುದಿಲ್ಲ.

ಮುಂದೇನು

ಅಂಕದ ಪ್ರಶ್ನೆಗೆ ಈಗ ಬರುತ್ತೇನೆ. 'ಎ' ಪ್ರಮಾಣಪತ್ರ ಒಂದರಿಂದಲೇ ಕೆಲಸ ಸಿಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಮೊದಲ ಮೆಟ್ಟಿಲು, 'ಬಿ' ಮತ್ತು 'ಸಿ' ಕಾಲೇಜಿನಲ್ಲಿ ಬರುತ್ತವೆ. 'ಸಿ' ಇರುವ ಪದವೀಧರರಿಗೆ ನೌಕಾದಳದ ಅಧಿಕಾರಿ ಆಯ್ಕೆಯಲ್ಲಿ ವಿಶೇಷ ಪ್ರವೇಶದ ದಾರಿ ಇದೆ. ಅಷ್ಟು ಕಾಯದೆ ಪಿಯುಸಿಯ ನಂತರವೇ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ನೌಕಾದಳಕ್ಕೆ ಹೋಗುವ ಆಸೆಯಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಹತ್ತನೆಯದು ಮುಗಿದಾಗ ಗಣಿತಕ್ಕೆ ಹೆದರಿ ಬೇರೆ ವಿಷಯ ತೆಗೆದುಕೊಂಡರೆ ಆ ಬಾಗಿಲು ಅಲ್ಲೇ ಮುಚ್ಚುತ್ತದೆ. ಹೆಣ್ಣುಮಕ್ಕಳಿಗೆ ಎನ್‌ಡಿಎ ಪರೀಕ್ಷೆ ತೆರೆದದ್ದು 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ. ಮೊದಲ ತಂಡದವರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ನನ್ನ ತುಕಡಿಯ ಹುಡುಗಿಯರಿಗೆ ಆ ಪಥಸಂಚಲನದ ಫೋಟೊ ತೋರಿಸಿದ್ದೇನೆ, ಹೆಚ್ಚೇನೂ ಹೇಳಬೇಕಾಗಲಿಲ್ಲ.

ಪರೀಕ್ಷೆಯಲ್ಲಿ ಬರವಣಿಗೆಗಿಂತ ಕೈಕೆಲಸದಲ್ಲೇ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ, ಹಗ್ಗ ಬಾವುಟ ಕೈಬಿಟ್ಟಿದ್ದರೆ. ಬರವಣಿಗೆಗೆ ನೌಕಾದಳದ ದಿನ ಡಿಸೆಂಬರ್ 4 ಏಕೆ, ಹಡಗಿನ ಭಾಗಗಳು ಯಾವುವು, ಎನ್‌ಸಿಸಿಯ ಧ್ಯೇಯವಾಕ್ಯ ಏನು ಎಂಬುದನ್ನು ಮೊದಲ ವರ್ಷದ ನೋಟ್‌ಬುಕ್ಕಿನಲ್ಲೇ ಬರೆದಿಟ್ಟುಕೊಳ್ಳಬೇಕು.

ಕೊನೆಯದಾಗಿ, ಪ್ರಮಾಣಪತ್ರ ಕೈಗೆ ಬಂದ ದಿನ ಅಲ್ಲೇ ನಿಂತು ಹೆಸರು ಓದಿ. ನಮ್ಮ ಕಡೆ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಾಗಿ ಇರುತ್ತದೆ. ಎಂಟನೆಯ ತರಗತಿಯ ಅರ್ಜಿಯಲ್ಲಿಯೇ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗೆ ಬರಬೇಕೋ ಹಾಗೆಯೇ ಬರೆಸಿ, ಜನ್ಮದಿನಾಂಕವನ್ನೂ ಹೋಲಿಸಿ ನೋಡಿ. ತಿದ್ದುಪಡಿ ಬೇಕಿದ್ದರೆ ಮಗು ಶಾಲೆ ಬಿಡುವುದರೊಳಗೆ ನನ್ನ ಹತ್ತಿರ ತನ್ನಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲೇ ಇರುತ್ತೇನೆ.